ಹಂಚು ತಂದ ಪ್ಲೆಬ್ಸ್ಟ್

ಮಂಗಳೂರು ಹಂಚು ಅಂದೊಡನೆ ಜ್ಞಾಪಕಕ್ಕೆ ಬರಬೇಕಾದ ಹೆಸರು ಜಾರ್ಜ್ ಪ್ಲೆಬ್ಸ್ಟ್ ಅವರದು. ತೀರಿಹೋಗಿ ನೂರು ವರ್ಷಕ್ಕೂ ಮೇಲಾಯಿತು. ಅವರು ಹಾಕಿಕೊಟ್ಟ ಮಾದರಿಯ ಹಂಚು ಮಾತ್ರ ಇಂದಿಗೂ ಎಷ್ಟೋ ಮನೆಗಳ ಮಾಡಿನ ಮೇಲಿದೆ.

ಜರ್ಮನಿಯವರಾದ ಪ್ಲೆಬ್ಸ್ಟ್ 1851ರಲ್ಲಿ ಮಂಗಳೂರಿಗೆ ಬಂದದ್ದು ಹಂಚು ಸುಡಲಿಕ್ಕಲ್ಲ, ಬಾಸೆಲ್ ಮಿಷನ್ ಛಾಪಖಾನೆ ನೋಡಿಕೊಳ್ಳಲಿಕ್ಕೆ. ಕಲ್ಲಚ್ಚಿನಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಕನ್ನಡದ ಅಚ್ಚುಮೊಳೆ ಬರುವಂತೆ ದುಡಿದವರಲ್ಲಿ ಅವರೂ ಒಬ್ಬರು.

ಆದರೆ ಮಿಷನ್‌ಗೆ ಬೇರೆಯೇ ತಲೆನೋವಿತ್ತು. ಧರ್ಮ ಬದಲಿಸಿದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಕುಲಕಸುಬು ಹೋಯಿತು, ಒಕ್ಕಲು ಭೂಮಿ ಹೋಯಿತು. ಮಗ್ಗ ಹಾಕಿಕೊಟ್ಟರೂ ಎಲ್ಲರ ಹೊಟ್ಟೆ ತುಂಬುವಂತಿರಲಿಲ್ಲ. ಪಾದ್ರಿಗಳಿಗೆ ವ್ಯಾಪಾರ ಯಾಕೆ ಅಂತ ಮಿಷನ್ ಒಳಗೇ ತಕರಾರು ಬೇರೆ.

ಪ್ಲೆಬ್ಸ್ಟ್ ಕಣ್ಣು ನದಿ ಬದಿಯ ಜೇಡಿಮಣ್ಣಿನ ಮೇಲೆ ಬಿತ್ತು. ಆಗ ಬಡವರ ಮನೆಗೆ ಮುಳಿಹುಲ್ಲು, ಇದ್ದವರಿಗೆ ನಾಡಹಂಚು. ಹುಲ್ಲಿಗೆ ಬೆಂಕಿಯ ಭಯ, ನಾಡಹಂಚಿಗೆ ಭಾರ ಜಾಸ್ತಿ. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಚಪ್ಪಟೆ ಹಂಚನ್ನು ಫ್ರಾನ್ಸಿನ ಅಲ್ಸೇಸ್‌ನಲ್ಲಿ ಗಿಲಾರ್ಡೋನಿ ಸೋದರರು 1841ರಲ್ಲೇ ಮಾಡಿದ್ದರು. ಅದೇ ರೀತಿಯ ಹಂಚನ್ನು ಇಲ್ಲಿನ ಮಣ್ಣಲ್ಲಿ ತೆಗೆಯಲು ಪ್ಲೆಬ್ಸ್ಟ್ ಹೊರಟರು.

1865ರಲ್ಲಿ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಮಣ್ಣು ಹದ ಮಾಡುವ ಯಂತ್ರ ತಿರುಗಿಸಲು ಎತ್ತು, ಒತ್ತಲು ಕೈ ಅಚ್ಚು. ಮೊದಮೊದಲು ದಿನಕ್ಕೆ ಕೆಲವೇ ಹಂಚು. ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಟ್ಟು, ಪಕಾಸು ರೀಪಿನ ಮೇಲೆ ಕೂರಿಸಿದರೆ ಕರಾವಳಿಯ ಮಳೆಗೂ ಜಗ್ಗಲಿಲ್ಲ.

ಮಾಲು ಕುದುರಿತು. 1868ಕ್ಕೆಲ್ಲ ಆಲ್ಬುಕರ್ಕ್ ಕಾರ್ಖಾನೆ ಎದ್ದಿತು. ಮಿಷನ್ ಕೂಡ 1882ರಲ್ಲಿ ಕುದ್ರೋಳಿ, 1886ರಲ್ಲಿ ಮಲ್ಪೆಯಲ್ಲಿ ಗೂಡು ಹಾಕಿತು. ಸಿಲೋನ್, ಬರ್ಮಾ, ಪೂರ್ವ ಆಫ್ರಿಕಕ್ಕೂ ಮಂಗಳೂರಿನ ಹಂಚು ಹಡಗು ಹತ್ತಿತು. ಮೊದಲ ಮಹಾಯುದ್ಧದಲ್ಲಿ ಜರ್ಮನರ ಆಸ್ತಿ ಅಂತ ಸರಕಾರ ಮಿಷನ್ ಕಾರ್ಖಾನೆಗಳನ್ನು ಕೈಗೆ ತೆಗೆದುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಮುಂದೆ ಕಾಂಕ್ರೀಟು ಬಂತು, ಮರ ದುಬಾರಿಯಾಯಿತು, ಮಣ್ಣಿಗೂ ತತ್ವಾರ. ಒಂದೊಂದೇ ಗೂಡು ಆರಿತು, ತಲೆಮಾರುಗಳಿಂದ ದುಡಿದವರು ಬೇರೆ ಕೆಲಸ ಹುಡುಕಬೇಕಾಯಿತು. ಕೆಲಸ ಇಲ್ಲದವರಿಗೆ ಕೆಲಸ ಕೊಡಲೆಂದೇ ಹುಟ್ಟಿದ ಉದ್ದಿಮೆ ಇದು. ಹಳೇ ಮಾಡು ಬಿಚ್ಚುವವರು ಗುಜರಿಗೆ ಹಾಕುವ ಮುಂಚೆ ಹಂಚಿನ ಬೆನ್ನ ಮೇಲಿನ ಅಕ್ಷರ ಒಮ್ಮೆ ಓದಿದರೆ ನಷ್ಟವಿಲ್ಲ.