ಮಕ್ಕಳ ಶಾಲೆಗೆ ನಗೆಯನ್ನು ತಂದ ಪಂಜೆ ಮಂಗೇಶರಾಯರು

ಕನ್ನಡ ಶಾಲೆಯ ಮಣೆಯ ಮೇಲೆ ಕುಳಿತು ಅಕ್ಷರ ಕಲಿತವರಲ್ಲಿ ‘ನಾಗರ ಹಾವೆ’ ಎಂಬ ಪದ್ಯವನ್ನು ಅರಿಯದವರು ವಿರಳ. ಆದರೆ ಅದನ್ನು ಬರೆದವರು ಯಾರೆಂದು ಕೇಳಿದರೆ ನಮ್ಮ ಆದವಾನಿ, ಆಲೂರು ಸೀಮೆಯ ಎಷ್ಟೋ ಮನೆಗಳಲ್ಲಿ ಹಿರಿಯರೂ ಒಂದು ಕ್ಷಣ ಯೋಚಿಸುವರು. ಹಾಡು ಉಳಿದು ಹಾಡುಗಾರನು ಮರೆಯಾಗುವುದು ಒಂದು ಬಗೆಯ ಕೀರ್ತಿಯೇ ಸರಿ. ಆದರೂ ಆ ಹಾಡಿನ ಹಿಂದೆ ಒಬ್ಬ ಅಧ್ಯಾಪಕರ ಇಡೀ ಬಾಳುವೆಯ ದುಡಿಮೆ ಇದೆಯಾದ್ದರಿಂದ, ಗಡಿನಾಡಿನಲ್ಲಿ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ನಾವು ಅವರ ಚರಿತ್ರೆಯನ್ನು ತಿಳಿಯುವುದು ಅವಶ್ಯ.

ಪಂಜೆ ಮಂಗೇಶರಾಯರು 1874ನೆಯ ಇಸವಿ ಫೆಬ್ರವರಿ 22ರಂದು, ನೇತ್ರಾವತಿ ನದಿಯ ದಡದ ಬಂಟವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ. ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ರಾಯರ ಮನೆಮಾತು ಕೊಂಕಣಿ. ಬೀದಿಯ ಮಾತು ತುಳು. ಶಾಲೆಯ ಮಾತು ಕನ್ನಡ. ಮೇಲಿನ ತರಗತಿಗೆ ಏರಿದಂತೆ ಇಂಗ್ಲಿಷು. ನಮ್ಮ ಹೊಳಗುಂದಿ, ಕೌತಾಳಂ ಕಡೆಯ ಹುಡುಗನು ಮನೆಯಲ್ಲೊಂದು, ಹತ್ತಿಯ ಪೇಟೆಯಲ್ಲೊಂದು, ತರಗತಿಯಲ್ಲೊಂದು ಮಾತನ್ನು ಆಡುವಂತೆಯೇ ಅವರೂ ಬೆಳೆದರು. ಕನ್ನಡವನ್ನು ಅವರು ತೊಟ್ಟಿಲಿನಲ್ಲಿ ಪಡೆದವರಲ್ಲ, ಶಾಲೆಯಲ್ಲಿ ಪಡೆದವರು. ಶಾಲೆಯು ಮಗುವಿಗೆ ಒಂದು ಭಾಷೆಯನ್ನು ಕೊಡಬಲ್ಲುದು, ಕೊಡದೆಯೂ ಹೋಗಬಹುದು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ಕಡಿಮೆ.

ಬಡತನದೊಡನೆ ಸೆಣಸುತ್ತ ಬಿ.ಎ. ಪದವಿಯನ್ನು ಪಡೆದ ರಾಯರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡವನ್ನು ಕಲಿಸಿದರು. ಬೆನಗಲ್ ರಾಮರಾಯರು 1900ರಲ್ಲಿ ಆರಂಭಿಸಿದ ‘ಸುವಾಸಿನಿ’ ಪತ್ರಿಕೆಯಲ್ಲಿ ಅವರ ಕಥೆಗಳು ಬಂದವು. ಕನ್ನಡದ ಸಣ್ಣಕಥೆಯ ಮೊದಲಿಗರಲ್ಲಿ ಅವರನ್ನು ಎಣಿಸುವುದು ಈ ಕಾರಣದಿಂದ. ಆದರೆ ನಮ್ಮ ಪ್ರಸ್ತುತ ವಿಷಯವು ಅವರ ಇನ್ನೊಂದು ಉದ್ಯೋಗ. ಅವರು ಶಾಲಾ ತನಿಖಾಧಿಕಾರಿಗಳಾದರು.

ಆ ದಿನಗಳಲ್ಲಿ ಇನ್‌ಸ್ಪೆಕ್ಟರರು ಬರುವರೆಂದರೆ ಊರಿಗೆ ಊರೇ ನಡುಗುತ್ತಿದ್ದಿತು. ಮಕ್ಕಳ ಪರೀಕ್ಷೆಯ ಫಲವನ್ನು ನೋಡಿ ಶಾಲೆಗೆ ಹಣ ಕೊಡುವ ಪದ್ಧತಿ ಮದರಾಸು ಪ್ರಾಂತದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆದುಬಂದಿದ್ದಿತು. ಅದು ನಿಂತ ಮೇಲೂ ಅದರ ಭಯ ನಿಲ್ಲಲಿಲ್ಲ. ಉಪಾಧ್ಯಾಯರು ಅಧಿಕಾರಿಗೆ ಹೆದರುವರು, ಮಕ್ಕಳು ಉಪಾಧ್ಯಾಯರಿಗೆ ಹೆದರುವರು. ಪಾಠವು ಈ ಎರಡು ಹೆದರಿಕೆಗಳ ನಡುವೆ ಸಿಕ್ಕಿಕೊಳ್ಳುವುದು. ಇದು ಹಳೆಯ ಕಥೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಈ ಲೇಖಕನು ಓದಿದ ಹಳ್ಳಿಯ ಶಾಲೆಯಲ್ಲಿ, ತನಿಖೆಯ ದಿನ ಓದಲು ಬಾರದ ಹುಡುಗರಿಗೆ ಮನೆಯಲ್ಲಿಯೇ ಇರಲು ಅಪ್ಪಣೆಯಾಗುತ್ತಿದ್ದಿತು. ಒಂದು ಸಲ ಹಾಗೆ ಮನೆಯಲ್ಲಿ ಉಳಿದವರಲ್ಲಿ ನಾನೂ ಒಬ್ಬ. ಬೇವಿನ ಮರದ ಕೆಳಗೆ ಕುಳಿತು, ನಾನು ಯಾವ ತಪ್ಪು ಮಾಡಿದೆನೆಂದು ತಿಳಿಯದೆ ಆ ದಿನವನ್ನು ಕಳೆದುದು ಇಂದಿಗೂ ನೆನಪಿದೆ.

ಮಂಗೇಶರಾಯರು ಈ ಸರಪಳಿಯನ್ನು ಮೇಲಿನ ಕೊಂಡಿಯಿಂದಲೇ ಕಳಚಿದರು. ತನಿಖೆಗೆ ಬಂದವರು ಮಕ್ಕಳ ಮುಂದೆ ಕಥೆ ಹೇಳುವರು, ಹಾಡುವರು, ಹಾವಭಾವಗಳಿಂದ ನಗಿಸುವರು. ಉಪಾಧ್ಯಾಯರ ತಪ್ಪನ್ನು ಹುಡುಗರೆದುರಿಗೆ ಎತ್ತಿ ಆಡುವುದಕ್ಕಿಂತ, ಆ ಪಾಠವನ್ನು ಹೇಗೆ ಮಾಡಬಹುದೆಂದು ತಾವೇ ಮಾಡಿ ತೋರಿಸುವುದು ಅವರಿಗೆ ಸಹಜವಾಗಿದ್ದಿತು. ಅಧಿಕಾರಿಯೇ ಮಕ್ಕಳೊಡನೆ ನಕ್ಕ ಮೇಲೆ ಉಪಾಧ್ಯಾಯರು ಬೆತ್ತವನ್ನು ಹಿಡಿದು ನಿಲ್ಲುವುದು ಯಾರ ಮೆಚ್ಚುಗೆಗಾಗಿ? ನಗುವುದು ಶಾಲೆಯ ಮರ್ಯಾದೆಗೆ ಕುಂದಲ್ಲವೆಂಬ ತಿಳಿವಳಿಕೆ ಹೀಗೆ ಒಂದೊಂದು ಊರಿಗೂ ಹರಡಿತು. ಬರೆದು ಕಳುಹಿಸಿದ ಎಷ್ಟು ಸುತ್ತೋಲೆಗಳಿಂದಲೂ ಈ ಕೆಲಸ ಆಗುತ್ತಿರಲಿಲ್ಲ.

ಆದರೆ ನಗುವ ಮನಸ್ಸೊಂದೇ ಸಾಲದು. ಉಪಾಧ್ಯಾಯರ ಕೈಗೆ ತಕ್ಕ ಪುಸ್ತಕವೂ ಬೇಕು. ಅಂದಿನ ಪಠ್ಯಗಳಲ್ಲಿ ಎಳೆಯ ಮಕ್ಕಳಿಗೂ ಹಳೆಯ ಕಾವ್ಯಗಳ ಬಿಗಿಯಾದ ಪದ್ಯಗಳು, ನೀತಿಯ ಭಾರದಿಂದ ಬಾಗಿದ ಮಾತುಗಳು ಇರುತ್ತಿದ್ದವು. ಮಗು ಅರ್ಥವನ್ನು ಕಾಣದೆ ಬಾಯಿಪಾಠ ಮಾಡುತ್ತಿದ್ದಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ರಾಯರು ಸಿದ್ಧಗೊಳಿಸಿದ ಪದ್ಯಪುಸ್ತಕಗಳು ಹೊರಬಂದಾಗ ಕನ್ನಡ ಮಕ್ಕಳಿಗೆ ಅವರದೇ ಆದ ಹಾಡು ಮೊದಲಬಾರಿಗೆ ದೊರೆಯಿತೆನ್ನಬಹುದು. ‘ಕವಿಶಿಷ್ಯ’ ಎಂಬುದು ಅವರ ಕಾವ್ಯನಾಮ. ತಮ್ಮನ್ನು ಗುರುವೆಂದು ಕರೆದುಕೊಳ್ಳದೆ ಶಿಷ್ಯನೆಂದು ಕರೆದುಕೊಂಡುದು ಅವರ ಸ್ವಭಾವಕ್ಕೆ ಒಪ್ಪುವಂತಿದೆ. ‘ನಾಗರ ಹಾವೆ’ ಪದ್ಯದಲ್ಲಿ ಮಗುವು ಹೆದರಬೇಕಾದ ಹಾವಿನೊಡನೆಯೇ ಮಾತಿಗೆ ತೊಡಗುತ್ತದೆ, ಕೈಮುಗಿದು ಹಾಲು ಕೊಡುವೆನೆನ್ನುತ್ತದೆ. ‘ತೆಂಕಣ ಗಾಳಿಯಾಟ’ದಲ್ಲಿ ಕಡಲ ಕಡೆಯಿಂದ ನುಗ್ಗುವ ಗಾಳಿಯ ಸದ್ದು ಅಕ್ಷರಗಳಲ್ಲಿಯೇ ಕೇಳಿಸುತ್ತದೆ. ಒಂದು ತರಗತಿ ಒಟ್ಟಾಗಿ ಅದನ್ನು ಹೇಳಿದರೆ ನಾಲಗೆಯು ತಿದ್ದಿಕೊಳ್ಳುತ್ತದೆ, ಬೇರೆ ಮನೆಮಾತಿನ ಮಗುವಿನ ಉಚ್ಚಾರವೂ ತಾನಾಗಿ ನೆಟ್ಟಗಾಗುತ್ತದೆ. ಇದನ್ನು ನಾನು ನನ್ನ ತರಗತಿಯಲ್ಲಿಯೇ ಕಂಡಿದ್ದೇನೆ. ಗಾಳಿಗೆ ತೆಂಗಿನ ತೋಟವೇನೂ ಬೇಕಿಲ್ಲ. ನಮ್ಮ ಎರೆಹೊಲದ ಮೇಲೆ ಬೀಸುವ ಗಾಳಿಯೂ ಅವರ ಪದ್ಯಕ್ಕೆ ಸಲ್ಲುತ್ತದೆ. ಗದ್ಯದಲ್ಲಿಯೂ ‘ಒಡ್ಡನ ಓಟ’, ‘ಗುಡುಗುಡು ಗುಮ್ಮಟ ದೇವರು’ ಮೊದಲಾದ ಕಥೆಗಳನ್ನು ಬರೆದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ, ಮಕ್ಕಳ ಪುಸ್ತಕದ ಕೆಲಸವು ಒಬ್ಬರ ಮೇಲೆಯೇ ನಿಲ್ಲದಂತೆ ಮಾಡಿದರು.

ವ್ಯಾಕರಣವೆಂದರೆ ಗಂಟುಮೋರೆಯೆಂದು ಭಾವಿಸುವವರು ಒಂದು ವಿಷಯವನ್ನು ತಿಳಿಯಬೇಕು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿದವರೂ ಕೋಳಿಯ ಕಥೆಯನ್ನು ಬರೆದವರೂ ಒಬ್ಬರೇ. ತುಳುವರ ಪಾಡ್ದನಗಳಲ್ಲಿದ್ದ ಕೋಟಿ ಚೆನ್ನಯರ ಕಥೆಯನ್ನು ಕನ್ನಡಕ್ಕೆ ತಂದವರೂ ಅವರೇ. ನೆರೆಯ ಮಾತನ್ನು ಶಾಲೆಯ ಬಾಗಿಲಿನಿಂದ ಹೊರಗಟ್ಟದೆ, ಅದರಿಂದಲೇ ಕನ್ನಡಕ್ಕೆ ಗಂಟನ್ನು ಕಟ್ಟಿದರು.

ಮುಂದೆ ಮಂಗಳೂರಿನ ಉಪಾಧ್ಯಾಯರ ತರಬೇತಿ ಶಾಲೆಯ ಮುಖ್ಯಸ್ಥರಾದರು. ಅಲ್ಲಿ ಕಲಿತವರು ಹಳ್ಳಿಹಳ್ಳಿಗಳಿಗೆ ಹೋಗಿ ಅವರ ಹಾಡನ್ನೂ ರೀತಿಯನ್ನೂ ಒಯ್ದರು. ಅನಂತರ ಕೊಡಗಿನ ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಅಲ್ಲಿನ ಮಕ್ಕಳ ಮನೆಮಾತು ಕೊಡವ. ಪರಸ್ಥಳದಿಂದ ಬಂದ ಈ ಮುಖ್ಯೋಪಾಧ್ಯಾಯರು ಕೊಡಗಿನ ಸುಗ್ಗಿಯ ಹಬ್ಬವನ್ನು ಕುರಿತು ‘ಹುತ್ತರಿ ಹಾಡು’ ಬರೆದರು. ಕೊಡಗಿನವರು ಅದನ್ನು ತಮ್ಮ ನಾಡಗೀತೆಯೆಂಬಂತೆ ಹಾಡಿದರು. ಊರಿನ ಹಬ್ಬವನ್ನು ಶಾಲೆಯು ತನ್ನದೆಂದುಕೊಂಡರೆ ಊರು ಶಾಲೆಯನ್ನು ತನ್ನದೆಂದುಕೊಳ್ಳುವುದು.

ರಾಯರಲ್ಲಿ ಕೊರತೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಬೋಧನೆಯ ತತ್ತ್ವವನ್ನು ಕುರಿತು ದೊಡ್ಡ ಗ್ರಂಥವನ್ನು ಅವರು ಬಿಟ್ಟುಹೋಗಲಿಲ್ಲ. ಅವರ ರೀತಿಯು ಅವರ ಕಂಠದೊಡನೆ, ನಡೆಯೊಡನೆ ಬೆರೆತಿದ್ದಿತು. ಆದ್ದರಿಂದಲೇ ಅವರ ಹಾಡುಗಳನ್ನೂ ನಾವು ಅಂಕಗಳಿಗಾಗಿ ಬಾಯಿಪಾಠ ಮಾಡಿಸುವ ಸ್ಥಿತಿಗೆ ಇಳಿಸಿದೆವು. ಈ ಅಪರಾಧದಲ್ಲಿ ಕನ್ನಡ ಪಂಡಿತರಾದ ನಮ್ಮ ಪಾಲೇ ಹೆಚ್ಚು.

1953ನೆಯ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡ ಶಾಲೆಗಳ ಹೊಣೆ ಬಹುಮಟ್ಟಿಗೆ ಉಪಾಧ್ಯಾಯರ ಮೇಲೂ ತಂದೆತಾಯಿಗಳ ಮೇಲೂ ಬಿದ್ದಿತು. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಬಿಡಿಸುವ ಕೂಲಿಗಾಗಿ ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ, ಮಕ್ಕಳೂ ಹೋಗುತ್ತಾರೆ. ತಿಂಗಳುಗಳ ಮೇಲೆ ಹಿಂದಿರುಗಿದ ಮಗುವು ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಕೇಳಿಸುವುದು ಗದರಿಕೆಯೋ ಹಾಡೋ ಎಂಬುದರ ಮೇಲೆ, ಅದು ಮರುದಿನ ಬರುವುದೂ ಬಾರದಿರುವುದೂ ನಿಂತಿದೆ.

1934ರಲ್ಲಿ ರಾಯಚೂರಿನಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮಂಗೇಶರಾಯರು ಅಧ್ಯಕ್ಷರಾದರು. ಆಗ ರಾಯಚೂರು ನಿಜಾಮರ ಸೀಮೆ, ನಮ್ಮದು ಮದರಾಸಿನ ಸೀಮೆ, ನಡುವೆ ತುಂಗಭದ್ರೆ. ಆದವಾನಿಯಿಂದ ರೈಲಿನಲ್ಲಿ ಹೊಳೆ ದಾಟಿದರೆ ಕೆಲವೇ ಗಂಟೆಗಳ ದಾರಿ. ನಮ್ಮ ಸೀಮೆಗೆ ಅಷ್ಟು ಸಮೀಪದಲ್ಲಿ, ಕನ್ನಡಿಗರು ತಮ್ಮ ಅತ್ಯುನ್ನತ ಪೀಠದಲ್ಲಿ ಮಕ್ಕಳ ಹಾಡು ಬರೆದ ಶಾಲಾ ಮಾಸ್ತರರೊಬ್ಬರನ್ನು ಕುಳ್ಳಿರಿಸಿದರು. 1937ರ ಅಕ್ಟೋಬರ್ 25ರಂದು ರಾಯರು ಹೈದರಾಬಾದಿನಲ್ಲಿ ನಿಧನರಾದರು. ಮರುವರ್ಷ ನಮ್ಮ ಅಂದಿನ ಜಿಲ್ಲಾಕೇಂದ್ರವಾದ ಬಳ್ಳಾರಿಯಲ್ಲಿಯೇ ಸಮ್ಮೇಳನವು ನೆರೆಯಿತು. ಆಗ ಅವರು ಇರಲಿಲ್ಲ; ಅವರ ಹಾಡುಗಳು ಶಾಲೆಗಳಲ್ಲಿದ್ದವು.