ರೋಗ ಹೊರುವ ಹಕ್ಕಿಯೇ ತಪ್ಪಿತಸ್ಥನಾ? ಲೂಯಿ ಪಾಶ್ಚರ್ ಬದುಕಿನಲ್ಲಿದೆ ಉತ್ತರ

ಚಳಿಗಾಲದಲ್ಲಿ ಕೆರೆಗಳಿಗೆ ವಲಸೆ ಬಾತುಗಳು ಬಂದಿಳಿದರೆ, ಫೋನಿಗೆ ಫಾರ್ವರ್ಡ್‌ಗಳೂ ಬಂದಿಳಿಯುತ್ತವೆ. ಈ ಹಕ್ಕಿಗಳು ಕೋಳಿಗೆ, ದನಕರುಗಳಿಗೆ ರೋಗ ತರುತ್ತವೆ, ಪಟಾಕಿ ಹೊಡೆದು ಓಡಿಸಿ ಎನ್ನುವಂಥವು. ಇದರಲ್ಲಿ ಸ್ವಲ್ಪ ನಿಜವಿದೆ. ಕಾಡು ಬಾತುಗಳ ಮೈಯಲ್ಲಿ ಕೋಳಿಗಳನ್ನು ಕೊಲ್ಲಬಲ್ಲ ಬ್ಯಾಕ್ಟೀರಿಯಾ ಇರಬಹುದು. ಆದರೆ ಹಕ್ಕಿ ಓಡಿಸಿದರೆ ರೋಗ ನಿಲ್ಲುತ್ತದೆ ಎಂಬುದು ಸರಿಯಲ್ಲ.

ಆ ಬ್ಯಾಕ್ಟೀರಿಯಾದ ಹೆಸರು ಪಾಶ್ಚುರೆಲ್ಲಾ ಮಲ್ಟೊಸಿಡಾ. ಹೆಸರು ಬಂದಿದ್ದು ಲೂಯಿ ಪಾಶ್ಚರ್ ಅವರಿಂದ. ಹಾಲಿನ ಪ್ಯಾಕೆಟ್ ಮೇಲಿನ 'ಪಾಶ್ಚರೀಕರಿಸಿದ' ಎಂಬ ಪದದಿಂದ, ಹುಚ್ಚುನಾಯಿ ಲಸಿಕೆಯಿಂದ ನಮಗೆ ಅವರು ಗೊತ್ತು. ಅವರ ಬದುಕಿನ ಇನ್ನೊಂದು ಭಾಗ ಅಷ್ಟಾಗಿ ಗೊತ್ತಿಲ್ಲ: ನೋಡಲು ಆರೋಗ್ಯವಾಗಿರುವ ಜೀವಿಯೂ ರೋಗ ಹೊತ್ತು ತಿರುಗಬಲ್ಲದು ಎಂದು ಅವರು ಕಂಡುಕೊಂಡ ಕಥೆ.

ಚರ್ಮ ಹದ ಮಾಡುವವರ ಮಗ

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಡೋಲ್ ಎಂಬ ಊರಿನಲ್ಲಿ. ತಂದೆ ನೆಪೋಲಿಯನ್ ಸೈನ್ಯದಲ್ಲಿದ್ದವರು, ಆಮೇಲೆ ಚರ್ಮ ಹದ ಮಾಡುತ್ತಿದ್ದರು. ಮಗ ಓದಿದ್ದು ರಸಾಯನಶಾಸ್ತ್ರ. ಡಾಕ್ಟರಲ್ಲ, ಪಶುವೈದ್ಯರೂ ಅಲ್ಲ. ದ್ರಾಕ್ಷಾರಸ ಹೇಗೆ ಹುಳಿಯುತ್ತದೆ, ಹಾಲು ಯಾಕೆ ಕೆಡುತ್ತದೆ ಎಂದು ಹುಡುಕುತ್ತಾ ಸೂಕ್ಷ್ಮಜೀವಿಗಳ ಲೋಕಕ್ಕೆ ಬಂದರು.

1865ರಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆಹುಳುಗಳಿಗೆ ರೋಗ ಬಡಿದಿತ್ತು. ಅದನ್ನು ಪರಿಹರಿಸಲು ಪಾಶ್ಚರ್ ಅವರನ್ನು ಕಳಿಸಿದರು. ಅಲ್ಲಿಯವರೆಗೆ ಅವರು ರೇಷ್ಮೆಹುಳುವಿನ ಕೆಲಸ ಮಾಡಿದವರೇ ಅಲ್ಲ. ಇದೇ ಅವಧಿಯಲ್ಲಿ ಮನೆಯಲ್ಲಿ ಸಾವಿನ ಮೇಲೆ ಸಾವು. 1865ರಲ್ಲಿ ತಂದೆ ಮತ್ತು ಚಿಕ್ಕ ಮಗಳು, ಮರುವರ್ಷ ಇನ್ನೊಬ್ಬ ಮಗಳು. 1868ರಲ್ಲಿ 45ನೇ ವಯಸ್ಸಿಗೆ ಪಾಶ್ಚರ್ ಅವರಿಗೇ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಕೆಲಸ ಮಾತ್ರ ನಿಲ್ಲಲಿಲ್ಲ.

ರೇಷ್ಮೆಯ ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತಿತ್ತು. ಹೊರಗಿನಿಂದ ಚಿಟ್ಟೆ ಚೆನ್ನಾಗಿಯೇ ಕಾಣಬಹುದು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಗಳನ್ನು ನಾಶ ಮಾಡುವ ವಿಧಾನವನ್ನು ಪಾಶ್ಚರ್ ರೂಪಿಸಿದರು. ನಮ್ಮ ಕರ್ನಾಟಕದಲ್ಲೂ ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ತಾಯಿ ಚಿಟ್ಟೆ ಪರೀಕ್ಷೆ ಇಂದಿಗೂ ನಡೆಯುತ್ತದೆ.

ಗಿನಿಪಿಗ್ ಹೇಳಿದ ಗುಟ್ಟು

1878-79ರ ಹೊತ್ತಿಗೆ ಅವರ ಗಮನ ಕೋಳಿ ಕಾಲರಾ ಕಡೆ ತಿರುಗಿತು. ರೋಗ ತಗುಲಿದ ಕೋಳಿ ಗರಿ ಕೆದರಿಕೊಂಡು ತೂಕಡಿಸುತ್ತಾ ನಿಲ್ಲುತ್ತದೆ, ಬಹಳ ಸಲ ಒಂದೆರಡು ದಿನದಲ್ಲೇ ಸಾಯುತ್ತದೆ. ಹೆಸರಿನಲ್ಲಿ ಕಾಲರಾ ಇದ್ದರೂ ಮನುಷ್ಯರ ಕಾಲರಾಕ್ಕೂ ಇದಕ್ಕೂ ಸಂಬಂಧವಿಲ್ಲ, ಅದರ ಬ್ಯಾಕ್ಟೀರಿಯಾವೇ ಬೇರೆ. ನಮ್ಮಲ್ಲಿ ಕೋಳಿಗಳಿಗೆ ಬರುವ ಕೊಕ್ಕರೆ ರೋಗವೂ ಇದಲ್ಲ. ಅದು ವೈರಸ್‌ನಿಂದ ಬರುವ ರಾಣಿಖೇತ್ ಕಾಯಿಲೆ.

ತುಲೂಸ್‌ನ ಪಶುವೈದ್ಯ ಹೆನ್ರಿ ತೂಸೆಂ ಅವರಿಂದ ರೋಗಾಣು ತರಿಸಿಕೊಂಡ ಪಾಶ್ಚರ್, ಅದನ್ನು ಕೋಳಿ ಸಾರಿನಲ್ಲಿ ಬೆಳೆಸಿದರು. ಕೋಳಿಗೆ, ಮೊಲಕ್ಕೆ ಚುಚ್ಚಿದರೆ ಸಾವು. ಗಿನಿಪಿಗ್‌ಗೆ ಚುಚ್ಚಿದರೆ ಆ ಜಾಗದಲ್ಲಿ ಒಂದು ಬಾವು, ಅಷ್ಟೇ. ಅದು ಆರಾಮವಾಗಿ ಮೇವು ತಿಂದುಕೊಂಡಿರುತ್ತಿತ್ತು. ಆದರೆ ಆ ಬಾವಿನ ಕೀವಿನಲ್ಲಿದ್ದ ರೋಗಾಣುವಿಗೆ ಕೋಳಿಯನ್ನು ಕೊಲ್ಲುವ ಶಕ್ತಿ ಹಾಗೆಯೇ ಉಳಿದಿತ್ತು. ಇಂಥ ಗಿನಿಪಿಗ್ ಕೋಳಿಗಳ ಜೊತೆ ಇದ್ದು ಬಾವು ಒಡೆದರೆ ಕೋಳಿಗಳು ಸಾಯಬಹುದು, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ ಎಂದು ಪಾಶ್ಚರ್ ತರ್ಕಿಸಿದರು. ಇಂದು ನಾವು ರೋಗವಾಹಕ ಎನ್ನುವುದು ಇಂಥ ಜೀವಿಯನ್ನೇ.

ರಜೆಯ ಕಥೆ ಎಷ್ಟು ನಿಜ?

ಪಾಶ್ಚರ್ ಬಗ್ಗೆ ಎಲ್ಲೆಡೆ ಓಡಾಡುವ ಕಥೆಯೊಂದಿದೆ. 1879ರ ಬೇಸಿಗೆ ರಜೆಯಲ್ಲಿ ಸೀಸೆಯೊಂದು ಮರೆತುಹೋಯಿತು, ಹಳಸಿದ ರೋಗಾಣು ಚುಚ್ಚಿದ ಕೋಳಿಗಳು ಸಾಯಲಿಲ್ಲ, ಹೀಗೆ ಅಕಸ್ಮಾತ್ತಾಗಿ ಲಸಿಕೆ ಸಿಕ್ಕಿತು ಎನ್ನುವುದು. ಅವರ ಪ್ರಯೋಗಾಲಯದ ನೋಟ್‌ಬುಕ್‌ಗಳು ದಶಕಗಳ ಕಾಲ ಕುಟುಂಬದ ಬಳಿಯೇ ಇದ್ದವು. 1964ರಲ್ಲಿ ಮೊಮ್ಮಗ ಅವನ್ನು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟರು. ಅವನ್ನು ಓದಿದ ಇತಿಹಾಸಕಾರರಿಗೆ ಕಂಡಿದ್ದು ಬೇರೆ ಚಿತ್ರ. ಸಹಾಯಕ ಎಮಿಲ್ ರೂ ಅವರ ಜೊತೆ ತಿಂಗಳುಗಟ್ಟಲೆ ಪ್ರಯತ್ನಿಸಿದ ಮೇಲೆ ರೋಗಾಣುವನ್ನು ದುರ್ಬಲಗೊಳಿಸುವ ದಾರಿ ಸಿಕ್ಕಿತ್ತು. 1880ರ ಫೆಬ್ರವರಿಯಲ್ಲಿ ಪಾಶ್ಚರ್ ಅದನ್ನು ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಪ್ರಯೋಗಾಲಯದಲ್ಲಿ ದುರ್ಬಲಗೊಳಿಸಿದ ರೋಗಾಣುವಿನಿಂದ ಲಸಿಕೆ ಮಾಡಬಹುದೆಂಬ ದಾರಿ ಹೀಗೆ ತೆರೆಯಿತು.

ಮರುವರ್ಷ ಪೂಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ, ಎಲ್ಲರ ಕಣ್ಣೆದುರು, ಕುರಿಗಳಿಗೆ ಅಂಥ್ರಾಕ್ಸ್ ಲಸಿಕೆಯ ಪರೀಕ್ಷೆ ನಡೆಯಿತು. ಲಸಿಕೆ ಪಡೆದ ಕುರಿಗಳು ಉಳಿದವು, ಪಡೆಯದವು ಸತ್ತವು. ಅಂಥ್ರಾಕ್ಸ್‌ನಿಂದ ಸತ್ತ ದನಗಳನ್ನು ಹೂತ ಜಾಗದಲ್ಲಿ ಎರೆಹುಳುಗಳು ರೋಗಾಣುವನ್ನು ಮಣ್ಣಿನ ಜೊತೆ ಮೇಲಕ್ಕೆ ತರುತ್ತವೆ ಎಂದೂ ಪಾಶ್ಚರ್ ತೋರಿಸಿದರು. ಅದಕ್ಕೆ ಅವರು ಎರೆಹುಳು ಕೊಲ್ಲಿ ಎನ್ನಲಿಲ್ಲ. ಸತ್ತ ದನವನ್ನು ಮೇಯುವ ಹೊಲದಲ್ಲಿ ಹೂಳಬೇಡಿ ಎಂದರು.

ಆಸ್ಟ್ರೇಲಿಯಾದಲ್ಲಿ ಎಡವಿದ ಯೋಜನೆ

1887ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಸರ್ಕಾರ, ಹೊಲ ಹಾಳುಮಾಡುವ ಮೊಲಗಳನ್ನು ನಿರ್ಮೂಲ ಮಾಡುವವರಿಗೆ 25,000 ಪೌಂಡ್ ಬಹುಮಾನ ಘೋಷಿಸಿತು. ಕೋಳಿ ಕಾಲರಾ ರೋಗಾಣುವನ್ನು ಮೇವಿಗೆ ಬೆರೆಸಿ ಮೊಲಗಳಿಗೆ ಹಾಕುವುದು ಪಾಶ್ಚರ್ ಮುಂದಿಟ್ಟ ಉಪಾಯ. ಸೋದರಳಿಯ ಆದ್ರಿಯೆನ್ ಲುವಾರ್ ಅವರನ್ನು ಕಳಿಸಿದರು. ಸಿಡ್ನಿ ಬಂದರಿನ ರಾಡ್ ದ್ವೀಪದಲ್ಲಿ ಪರೀಕ್ಷೆ ನಡೆಯಿತು. ಆ ಮೇವು ತಿಂದ ಮೊಲಗಳು ಸತ್ತವು, ಆದರೆ ಒಂದರಿಂದ ಇನ್ನೊಂದಕ್ಕೆ ರೋಗ ಎಣಿಸಿದಂತೆ ಹರಡಲಿಲ್ಲ. ಹಕ್ಕಿಗಳಿಗಂತೂ ಅಪಾಯ ಖಚಿತವಾಗಿತ್ತು. ಪರಿಶೀಲಿಸಿದ ಆಯೋಗ ಯೋಜನೆಯನ್ನು ತಿರಸ್ಕರಿಸಿತು. ರೋಗಾಣುವನ್ನು ಬಯಲಿಗೆ ಬಿಟ್ಟರೆ ಅದು ನಾವು ಗುರುತಿಟ್ಟ ಪ್ರಾಣಿಯಲ್ಲೇ ನಿಲ್ಲುವುದಿಲ್ಲ. ಗಿನಿಪಿಗ್ ಪ್ರಯೋಗ ಮಾಡಿದವರಿಗೇ ಇದನ್ನು ಬೇರೆಯವರು ನೆನಪಿಸಬೇಕಾಯಿತು.

1888ರಲ್ಲಿ ಪ್ಯಾರಿಸ್‌ನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. 1895ರ ಸೆಪ್ಟೆಂಬರ್ 28ರಂದು ಅವರು ತೀರಿಕೊಂಡರು.

ಬಾತುಗಳಿಗೆ ರೋಗ ಬಂದಿದ್ದು

ಅಮೆರಿಕದಲ್ಲಿ 1880ರ ದಶಕದಿಂದಲೇ ಸಾಕುಕೋಳಿಗಳು ಈ ರೋಗದಿಂದ ಸಾಯುತ್ತಿದ್ದವು. ಅಲ್ಲಿನ ಕಾಡು ಬಾತುಗಳಲ್ಲಿ ಇದು ದಾಖಲಾಗಿದ್ದು 1943-44ರ ಚಳಿಗಾಲದಲ್ಲಿ, ಟೆಕ್ಸಾಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಬಳಿ. ಆಮೇಲೆ ಪದೇಪದೇ ಅಲ್ಲಿನ ಜೌಗು ನೆಲಗಳಲ್ಲಿ ಸಾವಿರಾರು ಬಾತು, ಹೆಬ್ಬಾತುಗಳು ಸತ್ತಿವೆ. ಬದುಕುಳಿದ ಕೆಲವು ಹಕ್ಕಿಗಳು ಗಿನಿಪಿಗ್‌ನಂತೆ ಆರೋಗ್ಯವಾಗಿದ್ದುಕೊಂಡೇ ರೋಗಾಣು ಹೊರುತ್ತವೆ. ಮೂಗಿನ ಸಿಂಬಳ, ಹಿಕ್ಕೆ, ಸತ್ತ ಹಕ್ಕಿಯ ಮೈಯಿಂದ ಅದು ನೀರು ಸೇರುತ್ತದೆ.

ಆದರೆ ಕೋಳಿಮನೆಗೆ ರೋಗ ತರುವುದು ಕಾಡುಹಕ್ಕಿ ಮಾತ್ರವಲ್ಲ. ರೋಗದಿಂದ ಚೇತರಿಸಿಕೊಂಡ ಕೋಳಿಗಳೇ ದೊಡ್ಡ ಮೂಲ. ಇಲಿಗಳೂ ತರುತ್ತವೆ. ದನ, ಎಮ್ಮೆಗಳ ಗಳಲೆ ರೋಗಕ್ಕೆ ಕಾರಣವೂ ಪಾಶ್ಚುರೆಲ್ಲಾ ಮಲ್ಟೊಸಿಡಾವೇ, ಆದರೆ ಅದರ ಬೇರೆ ಬಗೆಗಳು. ಅದನ್ನು ಹೊರುವುದು ಗಂಟಲಲ್ಲಿ ರೋಗಾಣು ಇಟ್ಟುಕೊಂಡ ದನ, ಎಮ್ಮೆಗಳೇ. ಬೆಳ್ಳಕ್ಕಿ ಓಡಿಸಿದರೆ ಗಳಲೆ ನಿಲ್ಲುವುದಿಲ್ಲ, ಮಳೆಗಾಲಕ್ಕೆ ಮುಂಚೆ ಹಾಕಿಸುವ ಲಸಿಕೆ ಕಾಪಾಡುತ್ತದೆ.

ಕೆರೆಯಿಂದ ಬೆದರಿಸಿ ಎಬ್ಬಿಸಿದ ಹಕ್ಕಿ ಪಕ್ಕದೂರಿನ ಕೆರೆಗೆ ಹೋಗುತ್ತದೆ. ರೋಗಾಣು ಇದ್ದರೆ ಅದೂ ಜೊತೆಗೆ ಹೋಗುತ್ತದೆ.

ನೀವು ಮಾಡಬಹುದಾದ್ದು

- ಕೋಳಿಯ ಕಾಳು, ನೀರು ಕಾಡುಹಕ್ಕಿ ಮತ್ತು ಇಲಿಗಳಿಗೆ ಸಿಗದಂತೆ ಇಡಿ. ಕೆರೆ ನೀರನ್ನು ನೇರವಾಗಿ ಕುಡಿಸಬೇಡಿ.
- ಸತ್ತ ಕೋಳಿಯನ್ನು ಕೆರೆಗೆ, ಹಳ್ಳಕ್ಕೆ ಎಸೆಯಬೇಡಿ. ರೋಗ ಕೋಳಿಯಿಂದ ಹಕ್ಕಿಗೂ ಹೋಗುತ್ತದೆ.
- ಕೆರೆಯಲ್ಲಿ ಹಲವು ಹಕ್ಕಿಗಳು ಸತ್ತಿದ್ದರೆ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಅದು ಬ್ಯಾಕ್ಟೀರಿಯಾವೋ, ಹಕ್ಕಿಜ್ವರದ ವೈರಸ್ಸೋ, ವಿಷವೋ ಎಂದು ಪರೀಕ್ಷೆಯಿಂದಲೇ ತಿಳಿಯಬೇಕು.
- ದನ, ಎಮ್ಮೆಗಳಿಗೆ ಗಳಲೆ ಲಸಿಕೆ ತಪ್ಪಿಸಬೇಡಿ.

ಹಕ್ಕಿ ಓಡಿಸಿ ಎಂಬ ಮೆಸೇಜ್ ನಿಮ್ಮ ಊರಿನ ಗ್ರೂಪಿಗೆ ಬಂದರೆ, ಅದರ ಕೆಳಗೆ ಈ ನಾಲ್ಕು ಸಾಲು ಹಾಕಿ.