ಶಾಂಪೇನ್ ಕಂಡುಹಿಡಿದದ್ದು ಕಣ್ಣು ಕಾಣದ ಸನ್ಯಾಸಿಯೇ?

ಹೊಸ ವರ್ಷ ಹತ್ತಿರ ಬಂದರೆ ಸಾಕು, ಈ ಫಾರ್ವರ್ಡ್ ಮತ್ತೆ ಗ್ರೂಪುಗಳಲ್ಲಿ ಓಡಾಡತೊಡಗುತ್ತದೆ. ಫ್ರಾನ್ಸಿನ ಡಾಮ್ ಪೆರಿನ್ಯೋನ್ ಎಂಬ ಕುರುಡು ಸನ್ಯಾಸಿ ಅಕಸ್ಮಾತ್ತಾಗಿ ಶಾಂಪೇನ್ ಕಂಡುಹಿಡಿದರಂತೆ. ಮೊದಲ ಗುಟುಕಿಗೇ ನಕ್ಷತ್ರ ಕುಡಿದಂತಾಯಿತೆಂದು ಕೂಗಿಕೊಂಡರಂತೆ. ಕೆಲವು ಆವೃತ್ತಿಗಳಲ್ಲಿ ಕೊನೆಗೆ ಹೃದಯಕ್ಕೆ ಒಳ್ಳೆಯದು ಎಂಬ ಸಾಲೂ ಇರುತ್ತದೆ. ಈ ಕಥೆಯಲ್ಲಿ ನಿಜ ಇರುವುದು ಎರಡೇ: ಅವರು ಫ್ರಾನ್ಸಿನವರು, ಸನ್ಯಾಸಿ.

ಡಾಮ್ ಎಂಬುದು ಹೆಸರೇ ಅಲ್ಲ. ನಾವು ಸ್ವಾಮಿಗಳು, ಅಯ್ಯನವರು ಎನ್ನುತ್ತೇವಲ್ಲ, ಅಂಥ ಗೌರವಸೂಚಕ. ಅವರ ನಿಜವಾದ ಹೆಸರು ಪಿಯೇರ್ ಪೆರಿನ್ಯೋನ್. ಹುಟ್ಟಿದ್ದು ಶಾಂಪೇನ್ ಪ್ರಾಂತ್ಯದ ಸಾಂತ್ ಮೆನೂ ಎಂಬ ಊರಿನಲ್ಲಿ, 1638ರ ಕೊನೆಗೋ 1639ರ ಮೊದಲಿಗೋ. ಮನೆಯವರಿಗೆ ದ್ರಾಕ್ಷಿತೋಟಗಳಿದ್ದವು. ಇಪ್ಪತ್ತರ ಆಸುಪಾಸಿನಲ್ಲಿ ಬೆನೆಡಿಕ್ಟ್ ಪಂಥದ ಮಠ ಸೇರಿದರು. 1668ರಲ್ಲಿ ಓವಿಲ್ಲೇ ಎಂಬ ಹಳ್ಳಿಯ ಮಠಕ್ಕೆ ಬಂದವರು 1715ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಉಳಿದರು. ಅದೇ ತಿಂಗಳು ಫ್ರಾನ್ಸಿನ ದೊರೆ 14ನೇ ಲೂಯಿಯೂ ತೀರಿಕೊಂಡ. ದೊರೆಗೂ ಸನ್ಯಾಸಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಮಠದಲ್ಲಿ ಅವರ ಕೆಲಸ ಉಗ್ರಾಣ ನೋಡಿಕೊಳ್ಳುವುದು. ನಮ್ಮ ಕಡೆಯ ದೇವಸ್ಥಾನದ ಪಾರುಪತ್ಯಗಾರರನ್ನು ನೆನೆಸಿಕೊಳ್ಳಿ: ಜಮೀನು, ಕೂಲಿ, ಲೆಕ್ಕಪತ್ರ, ದಾಸ್ತಾನು ಎಲ್ಲವೂ ಅವರ ತಲೆಯ ಮೇಲೆ. ಮಠದ ಮುಖ್ಯ ಆದಾಯ ವೈನ್. ಸುತ್ತಲ ಹಳ್ಳಿಗಳ ರೈತರು ತೆರಿಗೆಯ ಪಾಲನ್ನು ದ್ರಾಕ್ಷಿಯ ರೂಪದಲ್ಲೇ ಕೊಡುತ್ತಿದ್ದರು. ಹೀಗೆ ಬೇರೆ ಬೇರೆ ಮಣ್ಣಿನ, ಬೇರೆ ಬೇರೆ ಹದದ ಹಣ್ಣು ಒಂದೇ ಅಂಗಳಕ್ಕೆ ಬಂದು ಬೀಳುತ್ತಿತ್ತು. ಪೆರಿನ್ಯೋನ್ ಅವರ ನಿಜವಾದ ಜಾಣ್ಮೆ ಕಾಣುವುದು ಇಲ್ಲಿ. ಯಾವ ತೋಟದ ಹಣ್ಣಿಗೆ ಯಾವುದನ್ನು ಬೆರೆಸಿದರೆ ರುಚಿ ಕೂಡುತ್ತದೆ ಎಂದು ಹಿಂಡುವ ಮೊದಲೇ ನಿರ್ಧರಿಸುತ್ತಿದ್ದರು. ಕಪ್ಪು ದ್ರಾಕ್ಷಿಯನ್ನು ಮೆಲ್ಲಗೆ, ಬೇಗ ಹಿಂಡಿ, ಸಿಪ್ಪೆಯ ಬಣ್ಣ ಇಳಿಯುವ ಮೊದಲೇ ತಿಳಿಯಾದ ರಸ ತೆಗೆಸುತ್ತಿದ್ದರು. ಅವರ ಕಾಲದಲ್ಲಿ ಮಠದ ತೋಟ ಸುಮಾರು ಎರಡು ಪಟ್ಟಾಯಿತು.

ಇನ್ನು ಗುಳ್ಳೆ. ಅದನ್ನು ಅವರು ಕಂಡುಹಿಡಿಯುವುದಿರಲಿ, ತಮ್ಮ ವೈನಿನಲ್ಲಿ ಅದು ಏಳದಿರಲೆಂದೇ ಶ್ರಮಪಟ್ಟರು.

ಯಾಕೆಂದು ತಿಳಿಯಲು ಫ್ರಾನ್ಸಿಗೆ ಹೋಗಬೇಕಿಲ್ಲ. ತೊಗರ್ಸಿ ಕಡೆಯ ಆಲೆಮನೆಯಿಂದ ಬೆಳಿಗ್ಗೆ ಒಂದು ಬಾಟಲಿ ಕಬ್ಬಿನ ಹಾಲು ತಂದು ಬಿಸಿಲಲ್ಲಿ ಮರೆತುಬಿಟ್ಟರೆ ಸಂಜೆಗೆ ಏನಾಗುತ್ತದೆ? ಪ್ಲಾಸ್ಟಿಕ್ ಬಾಟಲಿ ಉಬ್ಬಿರುತ್ತದೆ, ಮುಚ್ಚಳ ತಿರುಗಿಸಿದರೆ ಬುಸ್ಸೆಂದು ನೊರೆ. ಬಗನಿ ಮರದ ಹೆಂಡ ಮಡಕೆಯಲ್ಲೇ ನೊರೆಯೇಳುವುದೂ ಇದೇ ಕಾರಣಕ್ಕೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆ ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತದೆ. ಶಾಂಪೇನ್ ಫ್ರಾನ್ಸಿನ ಉತ್ತರದ ಚಳಿಸೀಮೆ. ಅಲ್ಲಿ ಚಳಿಗಾಲ ಬಂದೊಡನೆ ಯೀಸ್ಟ್ ಅರ್ಧ ಕೆಲಸ ಮಾಡಿ ಮಲಗಿಬಿಡುತ್ತದೆ. ವೈನ್ ಆಯಿತೆಂದು ಜನ ಬಾಟಲಿಗೆ ತುಂಬುತ್ತಾರೆ. ಬೇಸಿಗೆ ಮುಟ್ಟುತ್ತಲೇ ಅದು ಎದ್ದು ಉಳಿದ ಸಕ್ಕರೆಗೆ ಕೈ ಹಾಕುತ್ತದೆ. ಆಗ ಹುಟ್ಟುವ ಅನಿಲಕ್ಕೆ ಹೋಗಲು ದಾರಿಯಿಲ್ಲ. ಇವತ್ತಿನ ಶಾಂಪೇನ್ ಬಾಟಲಿಯೊಳಗಿನ ಒತ್ತಡ ಕಾರಿನ ಟಯರಿನದಕ್ಕಿಂತ ಎರಡು–ಮೂರು ಪಟ್ಟು. ಆ ಕಾಲದ ಫ್ರೆಂಚ್ ಗಾಜು ಇದನ್ನು ತಡೆಯುತ್ತಿರಲಿಲ್ಲ. ಒಂದು ಬಾಟಲಿ ಒಡೆದರೆ ಅದರ ಚೂರು ಪಕ್ಕದ್ದಕ್ಕೆ ಹೊಡೆದು ಸಾಲುಸಾಲು ಒಡೆಯುತ್ತಿದ್ದವು. ಮುಂದೆ ನೆಲಮಾಳಿಗೆಯ ಕೆಲಸಗಾರರು ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಇಳಿಯಬೇಕಾಯಿತು. ಉಗ್ರಾಣದ ಲೆಕ್ಕ ಬರೆಯುವವರಿಗೆ ಗುಳ್ಳೆ ಎಂದರೆ ನಷ್ಟ.

ಬೇಕೆಂದೇ ಗುಳ್ಳೆ ಬರಿಸಿದ್ದರ ಹಳೆಯ ದಾಖಲೆ ಸಿಗುವುದು ಇಂಗ್ಲೆಂಡಿನಲ್ಲಿ. 1662ರ ಡಿಸೆಂಬರಿನಲ್ಲಿ ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯರು ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಒಪ್ಪಿಸಿದರು. ವೈನ್ ಚುರುಕಾಗಿ ನೊರೆಯೇಳಲೆಂದು ಅಲ್ಲಿನವರು ಸಕ್ಕರೆ, ಕಾಕಂಬಿ ಹಾಕುತ್ತಾರೆಂದು ಅದರಲ್ಲಿದೆ. ಪೆರಿನ್ಯೋನ್ ಓವಿಲ್ಲೇಗೆ ಕಾಲಿಡಲು ಇನ್ನೂ ಆರು ವರ್ಷವಿತ್ತು. ಇಂಗ್ಲಿಷರಿಗೆ ಇದು ಸಾಧ್ಯವಾದದ್ದಕ್ಕೆ ಒಂದು ವಿಚಿತ್ರ ಕಾರಣವಿದೆ. ಹಡಗು ಕಟ್ಟುವ ಮರ ಉಳಿಯಲೆಂದು 1615ರಲ್ಲಿ ಅಲ್ಲಿನ ದೊರೆ ಗಾಜಿನ ಕುಲುಮೆಗೆ ಸೌದೆ ಬಳಸುವುದನ್ನು ನಿಷೇಧಿಸಿದ. ಕಲ್ಲಿದ್ದಲ ಹೆಚ್ಚು ಕಾವಿನಲ್ಲಿ ಗಾಜು ಗಟ್ಟಿಯಾಗಿ ಬಂತು. ಬಾಟಲಿ ಒತ್ತಡ ತಡೆಯಿತು.

ಹಾಗಾದರೆ ಕಥೆ ಹುಟ್ಟಿದ್ದೆಲ್ಲಿ? ಫ್ರೆಂಚ್ ಕ್ರಾಂತಿಯಲ್ಲಿ ಓವಿಲ್ಲೇ ಮಠ ಮುಚ್ಚಿಹೋಯಿತು. ಅಲ್ಲಿ ಕೊನೆಗೆ ಇದ್ದವರಲ್ಲಿ ಒಬ್ಬರಾದ ಡಾಮ್ ಗ್ರೋಸಾರ್ 1821ರಲ್ಲಿ ಒಂದು ಕಾಗದ ಬರೆದು, ನೊರೆಯ ಗುಟ್ಟು ಕಂಡವರು ಪೆರಿನ್ಯೋನರೇ ಎಂದರು. ಪೆರಿನ್ಯೋನ್ ಸತ್ತು ಆಗಲೇ 106 ವರ್ಷ. ಇಲ್ಲವಾದ ಮಠದ ಕೀರ್ತಿ ಉಳಿಯಲೆಂಬ ಆಸೆ ಗ್ರೋಸಾರರಿಗೆ ಇದ್ದಿರಬಹುದು, ಅದು ನನಗೆ ಅರ್ಥವಾಗುತ್ತದೆ. ವ್ಯಾಪಾರಿಗಳಿಗಂತೂ ಬಡ ಸನ್ಯಾಸಿಯ ಕಥೆ ಬಂಗಾರವಾಯಿತು. ನಕ್ಷತ್ರದ ಮಾತು ಮೊದಲು ಕಾಣಿಸುವುದು 19ನೇ ಶತಮಾನದ ಕೊನೆಯ ಒಂದು ಜಾಹೀರಾತಿನಲ್ಲಿ. ಕುರುಡುತನಕ್ಕೂ ಅವರ ಕಾಲದ ಯಾವ ಆಧಾರವೂ ಇಲ್ಲ. ತೋಟದ ಹೆಸರು ಕೇಳದೆ ಹಣ್ಣು ತಿಂದು ನೋಡುತ್ತಿದ್ದರೆಂಬ ಮಾತೇ ಬೆಳೆದು ಕಣ್ಣು ಕಾಣದವರಾಗಿಸಿತು ಎಂದು ಊಹಿಸುವವರಿದ್ದಾರೆ. ಅವರ ಹೆಸರಿನ ದುಬಾರಿ ಶಾಂಪೇನನ್ನು ಮೊಯೆಟ್ ಕಂಪನಿ ಮಾರುಕಟ್ಟೆಗೆ ತಂದದ್ದು 1936ರಲ್ಲಿ.

ಈ ಕಥೆಯ ನೆರಳಿಗೆ ಸರಿದುಹೋದವರಲ್ಲಿ ಒಬ್ಬ ಹೆಣ್ಣುಮಗಳಿದ್ದಾರೆ. 1805ರಲ್ಲಿ, 27ರ ವಯಸ್ಸಿಗೆ ಗಂಡನನ್ನು ಕಳೆದುಕೊಂಡ ಬಾರ್ಬ್ ನಿಕೋಲ್ ಕ್ಲಿಕೋ ವ್ಯಾಪಾರವನ್ನು ತಾವೇ ವಹಿಸಿಕೊಂಡರು. ಬಾಟಲಿಯ ಬಗ್ಗಡವನ್ನು ಕತ್ತಿನ ಕಡೆಗೆ ಇಳಿಸಿ ತೆಗೆಯುವ ವಿಧಾನ ಹದಕ್ಕೆ ಬಂದದ್ದು ಅವರ ನೆಲಮಾಳಿಗೆಯಲ್ಲಿ. ಇವತ್ತು ಶಾಂಪೇನ್ ತಿಳಿಯಾಗಿರುವುದು ಅದರಿಂದ.

ಶಾಂಪೇನ್ ಎಂಬ ಹೆಸರು ಆ ಪ್ರಾಂತ್ಯದ ವೈನಿಗೆ ಮಾತ್ರ ಸಲ್ಲುತ್ತದೆ, ನಮ್ಮ ಮಲೆನಾಡಿನ ಅಪ್ಪೆಮಿಡಿಗೂ ಬೆಂಗಳೂರು ನೀಲಿ ದ್ರಾಕ್ಷಿಗೂ ಭೌಗೋಳಿಕ ಗುರುತು ಇರುವ ಹಾಗೆ. ನಮ್ಮಲ್ಲಿ ಗೆದ್ದವರ ಮೇಲೆ ಚಿಮ್ಮಿಸುವುದೆಲ್ಲ ಶಾಂಪೇನ್ ಅಲ್ಲ. ಹಾಗೆಂದು ಶಾಂಪೇನಿಗೂ ಕರ್ನಾಟಕಕ್ಕೂ ನಂಟೇ ಇಲ್ಲವೆಂದಲ್ಲ: ದೊಡ್ಡಬಳ್ಳಾಪುರದ ಬಳಿ ಗ್ರೋವರ್ ತೋಟ ಬೆಳೆದಾಗ ಸಲಹೆ ಕೊಟ್ಟವರು ಶಾಂಪೇನಿನ ಜಾರ್ಜ್ ವೆಸೆಲ್.

ಹೃದಯಕ್ಕೆ ಒಳ್ಳೆಯದೆಂಬ ಸಾಲನ್ನಂತೂ ಅಳಿಸಿಬಿಡಿ. ಮದ್ಯದಲ್ಲಿ ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಗುಳ್ಳೆ ಇದ್ದರೂ ಅದು ಮದ್ಯವೇ.

ಪೆರಿನ್ಯೋನ್ ಅವರ ಸಮಾಧಿ ಓವಿಲ್ಲೇ ಚರ್ಚಿನೊಳಗಿದೆ. ಲ್ಯಾಟಿನ್ ಭಾಷೆಯ ಆ ಕಲ್ಲು 47 ವರ್ಷ ಉಗ್ರಾಣ ನೋಡಿಕೊಂಡದ್ದನ್ನು, ಮಠದ ಆಸ್ತಿಯನ್ನು ಚೆನ್ನಾಗಿ ನಡೆಸಿದ್ದನ್ನು, ಬಡವರನ್ನು ತಂದೆಯಂತೆ ಪ್ರೀತಿಸಿದ್ದನ್ನು ಹೇಳುತ್ತದೆ. ಗುಳ್ಳೆಯ ಸುದ್ದಿ ಅದರಲ್ಲಿಲ್ಲ.